ಪಾಸು ಕೊಳ್ಳುವ ಮುನ್ನ ದಾರಿ ಬರೆಯಿರಿ

ಸೊನ್ನದಲ್ಲಿ ರೈಲಿಲ್ಲ. ಭೀಮಾ ನದಿ ಇದೆ, ಬ್ಯಾರೇಜ್ ಇದೆ. ಮಳೆಗಾಲದಲ್ಲಿ ಉಜನಿ ಅಣೆಕಟ್ಟೆಯಿಂದ ನೀರು ಬಿಟ್ಟರೆಂದರೆ ಸೊನ್ನದ ಗೇಟುಗಳ ಸುದ್ದಿ ಪತ್ರಿಕೆಗಳಲ್ಲಿ ಬರುತ್ತದೆ. ರೈಲು ಹತ್ತಬೇಕಾದರೆ ಮಾತ್ರ ಗಾಣಗಾಪುರ ರೋಡ್ ನಿಲ್ದಾಣಕ್ಕೋ ಕಲಬುರಗಿಗೋ ಹೋಗಬೇಕು. ಹಾಗಿದ್ದರೂ ಅಫಜಲಪುರ, ಜೇವರ್ಗಿ, ಆಳಂದ ತಾಲ್ಲೂಕುಗಳ ಯಾವ ಹಳ್ಳಿಗೆ ಹೋದರೂ ‘ಪಾಸು’ ಎಂಬ ಮಾತು ಗೊತ್ತಿಲ್ಲದ ಮನೆ ಸಿಗುವುದಿಲ್ಲ. ಶಾಲೆ-ಕಾಲೇಜು ಶುರುವಾಯಿತೆಂದರೆ ಪಾಸಿನ ಚಿಂತೆಯೂ ಶುರು. ಅರ್ಜಿ, ಫೋಟೋ, ಕಾಲೇಜಿನ ಸಹಿ, ಬಸ್ ನಿಲ್ದಾಣದ ಕಿಟಕಿ ಎಂದು ವಿದ್ಯಾರ್ಥಿಗಳು ಓಡಾಡುವುದನ್ನು ಪಾಲಕರು ನೋಡಿಯೇ ಇರುತ್ತಾರೆ.

ಈಚೆಗೆ ಇದೇ ಭೀಮಾ ದಂಡೆಯ ಪಾಲಕರೊಬ್ಬರು ಕೇಳಿದ ಪಾಸು ಬೇರೆಯದು. “ಮಗ ಜರ್ಮನಿಯೊಳಗ ಓದ್ಲಿಕತ್ತಾನ್ರಿ. ಯುರೋಪಿಗೆಲ್ಲಾ ಒಂದೇ ರೈಲ್ವೆ ಪಾಸು ಸಿಗ್ತದಂತ್ರಿ. ಅಂವಾ ತಗೋತೀನಿ ಅಂತಾನ. ನಮಗೂ ಬರ್ರಿ ಅಂತಾನ. ತಗೊಂಡ್ರ ಲಾಭ ಅದೇನ್ರಿ?” ಎಂಬುದು ಅವರ ಪ್ರಶ್ನೆ. ಹೊಲದ ಕಾಗದ ಬ್ಯಾಂಕಿನಲ್ಲಿಟ್ಟು ಮಗನನ್ನು ಕಳಿಸಿದವರು ಕೇಳುವ ಪ್ರಶ್ನೆ ಇದು. ‘ಲಾಭ ಅದ’ ಎಂದೋ ‘ಇಲ್ಲ’ ಎಂದೋ ಒಂದೇ ಮಾತಿನಲ್ಲಿ ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಎಲ್ಲಿಂದ ಎಲ್ಲಿಗೆ, ಎಷ್ಟು ದಿನ, ಯಾರು ಯಾರು ಎಂಬುದನ್ನು ಮೊದಲು ಒಂದು ಹಾಳೆಯ ಮೇಲೆ ಬರೆದುಕೊಂಡು ಬನ್ನಿ ಎಂದೆ. ಪಾಸು ಎಂಬುದು ತಾನಾಗಿಯೇ ಅಗ್ಗವೂ ಅಲ್ಲ, ದುಬಾರಿಯೂ ಅಲ್ಲ. ನಾವು ಓಡಾಡುವ ರೀತಿಗೆ ಹೊಂದಿದರೆ ಅಗ್ಗ, ಹೊಂದದಿದ್ದರೆ ದಂಡ. ಈ ಲೆಕ್ಕ ಪ್ಯಾರಿಸ್ಸಿಗೆ ಎಷ್ಟು ನಿಜವೋ ನಮ್ಮ ಗಾಣಗಾಪುರ ರೋಡಿಗೂ ಅಷ್ಟೇ ನಿಜ. ಆದ್ದರಿಂದ ಲೆಕ್ಕವನ್ನು ಇಲ್ಲಿಂದಲೇ ಕಲಿಯೋಣ. ಯುರೋಪಿಗೆ ಹೋಗದವರಿಗೂ ಉಪಯೋಗಕ್ಕೆ ಬಂದೀತು.

ನಮ್ಮ ರೈಲ್ವೆಯ ತಿಂಗಳ ಪಾಸನ್ನು ಜನ ಸೀಜನ್ ಟಿಕೆಟ್ ಎಂದೂ ಎಂ.ಎಸ್.ಟಿ. ಎಂದೂ ಕರೆಯುತ್ತಾರೆ. 150 ಕಿಲೋಮೀಟರ್ ಒಳಗಿನ ಎರಡು ನಿಲ್ದಾಣಗಳ ನಡುವೆ ಇದು ಸಿಗುತ್ತದೆ. ಇದರ ಬೆಲೆ ಸುಮಾರಾಗಿ ಹದಿನೈದು ಸಲ ಒಂದು ಕಡೆಗೆ ಹೋಗುವ ಟಿಕೆಟ್ಟಿನ ಹಣಕ್ಕೆ ಸಮ ಎಂದಿಟ್ಟುಕೊಳ್ಳಿ. ಅಂದರೆ ತಿಂಗಳಲ್ಲಿ ಎಂಟು ದಿನ ಹೋಗಿ ಬಂದರೆ ಪಾಸಿನ ಹಣ ತೀರಿತು. ಒಂಬತ್ತನೆಯ ದಿನದಿಂದ ಪ್ರಯಾಣ ಪುಕ್ಕಟೆ. ದಿನವೂ ಕಲಬುರಗಿಗೆ ಹೋಗಿ ಬರುವ ಹುಡುಗನಿಗೆ ತಿಂಗಳಿಗೆ ಇಪ್ಪತ್ತೆರಡು ದಿನ ಕಾಲೇಜು ಎಂದರೆ ನಲವತ್ತನಾಲ್ಕು ಪ್ರಯಾಣ. ಅವನಿಗೆ ಇದಕ್ಕಿಂತ ಒಳ್ಳೆಯ ವ್ಯವಹಾರವಿಲ್ಲ. ಆದರೆ ಅವನದೇ ಊರಿನ ಇನ್ನೊಬ್ಬ ಹುಡುಗ ಕಲಬುರಗಿಯ ಹಾಸ್ಟೆಲಿನಲ್ಲಿದ್ದಾನೆ, ಶನಿವಾರ ಬಂದು ಭಾನುವಾರ ಹೋಗುತ್ತಾನೆ ಎನ್ನಿ. ಅವನಿಗೆ ತಿಂಗಳಿಗೆ ಎಂಟೇ ಪ್ರಯಾಣ. ಗೆಳೆಯನನ್ನು ನೋಡಿ ಅವನೂ ಪಾಸು ಮಾಡಿಸಿದರೆ ಅರ್ಧದಷ್ಟು ಹಣ ರೈಲ್ವೆಗೆ ದಾನ. ಊರೂ ಒಂದೇ, ರೈಲೂ ಒಂದೇ, ಪಾಸು ಮಾತ್ರ ಒಬ್ಬನಿಗೆ ಸರಿ, ಇನ್ನೊಬ್ಬನಿಗೆ ತಪ್ಪು.

ಮೂರು ತಿಂಗಳ ಪಾಸೂ ಇದೆ. ಅದರ ಬೆಲೆ ತಿಂಗಳ ಪಾಸಿನ 2.7 ಪಟ್ಟು. ಅಂದರೆ ಮೂರು ಸಲ ಬೇರೆ ಬೇರೆ ಮಾಡಿಸುವುದಕ್ಕಿಂತ ಶೇಕಡಾ 10 ಉಳಿತಾಯ. ಆ ಮೂರು ತಿಂಗಳ ನಡುವೆ ದಸರಾ ರಜೆಯೋ ಪರೀಕ್ಷೆಯ ರಜೆಯೋ ಬಂದು ಇಪ್ಪತ್ತು ದಿನ ಮನೆಯಲ್ಲೇ ಕುಳಿತರೆ ಈ ಉಳಿತಾಯ ಹೇಳಹೆಸರಿಲ್ಲದೆ ಹೋಗುತ್ತದೆ. ಕ್ಯಾಲೆಂಡರ್ ನೋಡದೆ ಪಾಸು ಮಾಡಿಸಬಾರದು ಎನ್ನುವುದು ಇದಕ್ಕೇ.

ವಿದ್ಯಾರ್ಥಿಗಳಿಗೆ ಇದರಲ್ಲೂ ರಿಯಾಯಿತಿ ಇದೆ. ಹನ್ನೆರಡನೆಯ ತರಗತಿಯವರೆಗಿನ ಹುಡುಗರಿಗೆ, ಪದವಿಯವರೆಗಿನ ಹುಡುಗಿಯರಿಗೆ ಮನೆಯಿಂದ ಶಾಲೆ ಕಾಲೇಜಿಗೆ ಎರಡನೆಯ ದರ್ಜೆಯ ತಿಂಗಳ ಪಾಸು ಉಚಿತ. ಅದಕ್ಕೆ ಮೇಲ್ಪಟ್ಟವರಿಗೆ ತಿಂಗಳ ಪಾಸಿನಲ್ಲೂ ಮೂರು ತಿಂಗಳ ಪಾಸಿನಲ್ಲೂ ಅರ್ಧ ರಿಯಾಯಿತಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮುಕ್ಕಾಲು. 2020ರ ಮಾರ್ಚಿಯಲ್ಲಿ ಹಿರಿಯ ನಾಗರಿಕರದೂ ಸೇರಿದಂತೆ ರೈಲ್ವೆಯ ಬಹಳಷ್ಟು ರಿಯಾಯಿತಿಗಳನ್ನು ನಿಲ್ಲಿಸಿದಾಗ ಅಂಗವಿಕಲರು ಮತ್ತು ರೋಗಿಗಳೊಡನೆ ಉಳಿಸಿಕೊಂಡದ್ದು ವಿದ್ಯಾರ್ಥಿಗಳನ್ನೇ. ಕಾಲೇಜಿನಿಂದ ಪ್ರಮಾಣಪತ್ರ ತರಬೇಕು, ಅಷ್ಟೇ. ಪಾಸು ಕೈಗೆ ಬಂದಿತೆಂದು ಸಿಕ್ಕ ಗಾಡಿ ಹತ್ತುವಂತಿಲ್ಲ ಎಂಬುದನ್ನೂ ಮರೆಯಬಾರದು. ಸೀಟು ಕಾಯ್ದಿರಿಸಿದ ಬೋಗಿಗೆ ಇದು ನಡೆಯುವುದಿಲ್ಲ. ಸೂಪರ್‌ಫಾಸ್ಟ್ ಗಾಡಿಗೆ ಬೇರೆ ಹಣ ಕಟ್ಟಬೇಕು. ಪಾಸು ಎಂದರೆ ‘ಎಲ್ಲ ಗಾಡಿಗೂ’ ಎಂದು ಅರ್ಥವಲ್ಲ. ಈ ಮಾತನ್ನು ನೆನಪಿನಲ್ಲಿಡಿ, ಯುರೋಪಿನಲ್ಲಿ ಮತ್ತೆ ಎದುರಾಗುತ್ತದೆ.

ನೆನಪಿಡಬೇಕಾದ ಇನ್ನೊಂದು ಸಂಗತಿ ನಮ್ಮ ಗಡಿಯಲ್ಲೇ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿನ ಚಿಂತೆಯಿಲ್ಲ. ಆದರೆ ಗಾಣಗಾಪುರ ರೋಡಿನಿಂದ ಸೊಲ್ಲಾಪುರದ ಕಡೆಗೆ ಹೋದರೆ ಸಿಗುವ ದುಧನಿ ಮಹಾರಾಷ್ಟ್ರಕ್ಕೆ ಸೇರಿದ್ದು. ಅಲ್ಲಿಯ ಮನೆಗಳಲ್ಲೂ ಕನ್ನಡವೇ. ಹೀಗಿದ್ದರೂ ಅಲ್ಲಿಯ ಹುಡುಗಿ ಕಲಬುರಗಿಗೆ ಓದಲು ಬಂದರೆ ಶಕ್ತಿ ಅವಳಿಗಿಲ್ಲ, ಏಕೆಂದರೆ ಅದು ಕರ್ನಾಟಕದ ನಿವಾಸಿಗಳಿಗೆ, ಕರ್ನಾಟಕದೊಳಗಿನ ಪ್ರಯಾಣಕ್ಕೆ ಮಾತ್ರ. ರೈಲ್ವೆಯ ಪಾಸು ಮಾತ್ರ ರಾಜ್ಯದ ಗಡಿಯನ್ನು ನೋಡುವುದಿಲ್ಲ. ಅವಳಿಗೆ ರೈಲೇ ಸರಿ. ‘ನೀನು ಎಲ್ಲಿಯ ನಿವಾಸಿ?’ ಎಂಬ ಪ್ರಶ್ನೆಯ ಮೇಲೆ ಪಾಸು ಬದಲಾಗುವುದನ್ನು ನಾವು ಇಲ್ಲೇ ನೋಡುತ್ತಿದ್ದೇವೆ. ಯುರೋಪಿನ ಪಾಸಿನಲ್ಲೂ ಮೊದಲ ಪ್ರಶ್ನೆ ಅದೇ.

ಯುರೋಪಿನವರ ಹಾಗೆ ಊರೂರು ಸುತ್ತುವ ಪಾಸು ನಮ್ಮಲ್ಲಿ ಇಲ್ಲವೇ ಎಂದು ಕೇಳಬಹುದು. ಇಂಡ್ರೈಲ್ ಪಾಸು ಎಂಬುದೊಂದಿತ್ತು. ಅದು ವಿದೇಶಿಯರಿಗೆ ಮತ್ತು ಅನಿವಾಸಿ ಭಾರತೀಯರಿಗೆ ಮಾತ್ರ. 2017ರಲ್ಲಿ ಅದನ್ನೂ ನಿಲ್ಲಿಸಿದರು. ನಮಗೆ ಉಳಿದಿರುವುದು ‘ಸರ್ಕ್ಯುಲರ್ ಜರ್ನಿ’ ಟಿಕೆಟ್, ಅಂದರೆ ಹೊರಟ ನಿಲ್ದಾಣಕ್ಕೇ ಸುತ್ತಿ ಬರುವ ಟಿಕೆಟ್. ದಾರಿಯಲ್ಲಿ ಎಂಟು ಕಡೆ ಇಳಿದು ಊರು ನೋಡಿಕೊಂಡು ಮುಂದೆ ಹೋಗಬಹುದು. ರೈಲ್ವೆಯ ದರದಲ್ಲಿ ದೂರ ಹೆಚ್ಚಾದಷ್ಟೂ ಕಿಲೋಮೀಟರಿಗೆ ಬೀಳುವ ಹಣ ಕಡಿಮೆಯಾಗುವುದರಿಂದ ತುಂಡು ತುಂಡು ಟಿಕೆಟ್ಟಿಗಿಂತ ಇದು ಅಗ್ಗ. ನಮ್ಮ ಭಾಗಕ್ಕೆ ಹೇಳಿ ಮಾಡಿಸಿದಂಥ ವೃತ್ತವೊಂದು ನಕ್ಷೆಯಲ್ಲೇ ಇದೆ. ಕಲಬುರಗಿಯಿಂದ ಹೋಟಗಿ, ಅಲ್ಲಿಂದ ವಿಜಯಪುರ, ಬಾದಾಮಿ, ಗದಗ, ಹೊಸಪೇಟೆ, ಬಳ್ಳಾರಿ, ಗುಂತಕಲ್, ರಾಯಚೂರು, ವಾಡಿ, ಮತ್ತೆ ಕಲಬುರಗಿ. ಗೋಲಗುಂಬಜ್, ಬಾದಾಮಿಯ ಗುಹೆಗಳು, ಹಂಪಿ, ರಾಯಚೂರಿನ ಕೋಟೆ ಎಲ್ಲವೂ ಒಂದೇ ದಾರಿಯಲ್ಲಿ ಬಂದುಬಿಡುತ್ತವೆ. ಇಂಥ ದಾರಿ ರೈಲ್ವೆಯ ಸಿದ್ಧ ಪಟ್ಟಿಯಲ್ಲಿಲ್ಲದಿದ್ದರೆ ಬರೆದು ವಿಭಾಗದ ವಾಣಿಜ್ಯ ಅಧಿಕಾರಿಗಳಿಗೆ ಅರ್ಜಿ ಕೊಡಬೇಕು. ಒಂದು ವಾರದ ಕೆಲಸವನ್ನು ಒಂದು ದಿನ ಮೊದಲು ಹಿಡಿದುಕೊಂಡು ಹೋದರೆ ಆಗುವುದಿಲ್ಲ.

ಶಾಲೆಯ ಪ್ರವಾಸಕ್ಕೂ ರಿಯಾಯಿತಿ ಇದೆ ಎಂಬುದನ್ನು ಮುಖ್ಯೋಪಾಧ್ಯಾಯರ ಕಿವಿಗೆ ಹಾಕುವುದು ಪಾಲಕರ ಕೆಲಸ. ಶೈಕ್ಷಣಿಕ ಪ್ರವಾಸಕ್ಕೆ ಎರಡನೆಯ ದರ್ಜೆ ಮತ್ತು ಸ್ಲೀಪರಿನಲ್ಲಿ ಅರ್ಧ, ಗ್ರಾಮೀಣ ಸರ್ಕಾರಿ ಶಾಲೆಯ ಮಕ್ಕಳಿಗೆ ವರ್ಷಕ್ಕೊಮ್ಮೆ ಎರಡನೆಯ ದರ್ಜೆಯಲ್ಲಿ ಮುಕ್ಕಾಲು. ಗ್ರಾಮೀಣ ಸರ್ಕಾರಿ ಶಾಲೆಯ ಹುಡುಗಿಯರು ವೈದ್ಯಕೀಯ, ಇಂಜಿನಿಯರಿಂಗ್ ಸೇರುವ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಗೆ ಹೋಗುವಾಗಲೂ ಮುಕ್ಕಾಲು. ಇಷ್ಟೆಲ್ಲ ಇದ್ದೂ ಖಾಸಗಿ ಬಸ್ಸಿಗೆ ಸಾವಿರಾರು ರೂಪಾಯಿ ಸುರಿದು ರಾತ್ರಿಯಿಡೀ ಮಕ್ಕಳನ್ನು ನಿದ್ದೆಗೆಡಿಸುವ ಶಾಲೆಗಳಿಗೆ ಏನೆನ್ನೋಣ!

ಇನ್ನು ಯುರೋಪಿಗೆ ಹೋಗೋಣ.

ಅಲ್ಲಿ ಎರಡು ಹೆಸರು ಕೇಳಿಬರುತ್ತವೆ, ಯುರೇಲ್ ಮತ್ತು ಇಂಟರ್‌ರೇಲ್. 1959ರಲ್ಲಿ ಶುರುವಾದ ಯುರೇಲ್, ಯುರೋಪಿನ ಹೊರಗೆ ವಾಸಿಸುವವರಿಗೆ. 1972ರಲ್ಲಿ ಬಂದ ಇಂಟರ್‌ರೇಲ್, ಯುರೋಪಿನಲ್ಲಿ ವಾಸಿಸುವವರಿಗೆ. ಅದು ಮೊದಲು ಇಪ್ಪತ್ತೊಂದು ವಯಸ್ಸಿನೊಳಗಿನ ತರುಣರಿಗೆಂದೇ ಹುಟ್ಟಿದ್ದು, ಈಗ ಎಲ್ಲ ವಯಸ್ಸಿನವರಿಗೂ ಇದೆ. ಎರಡರ ಗ್ಲೋಬಲ್ ಪಾಸುಗಳೂ 33 ದೇಶಗಳಲ್ಲಿ ನಡೆಯುತ್ತವೆ. ಇಲ್ಲಿ ಎಷ್ಟೋ ಜನ ತಪ್ಪು ತಿಳಿಯುವ ಸಂಗತಿ ಒಂದಿದೆ. ಅವರು ನೋಡುವುದು ಪಾಸ್‌ಪೋರ್ಟ್ ಯಾವ ದೇಶದ್ದು ಎಂಬುದನ್ನಲ್ಲ, ಎಲ್ಲಿ ವಾಸ ಎಂಬುದನ್ನು. ಸೊನ್ನದಲ್ಲಿ ಹುಟ್ಟಿದ ಹುಡುಗ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಜರ್ಮನಿಯಲ್ಲಿ ವಾಸದ ಪರವಾನಗಿ ಪಡೆದು ಓದುತ್ತಿದ್ದರೆ ಅವನು ಇಂಟರ್‌ರೇಲಿನವನು. ಅವನನ್ನು ನೋಡಲು ಸೊನ್ನದಿಂದ ಹೋಗುವ ಅಪ್ಪ ಅವ್ವ ಯುರೇಲಿನವರು. ಒಂದೇ ಮನೆ, ಒಂದೇ ರೈಲು, ಪಾಸು ಮಾತ್ರ ಎರಡು.

ಹೆಸರಷ್ಟೇ ಬೇರೆ ಎಂದು ಬಿಡುವಂತಿಲ್ಲ. ಇಂಟರ್‌ರೇಲ್ ಪಾಸಿನವನಿಗೆ ತಾನು ವಾಸಿಸುವ ದೇಶದೊಳಗೆ ಎರಡೇ ಪ್ರಯಾಣ. ಗಡಿ ದಾಟಿ ಹೋಗಲು ಒಂದು, ತಿರುಗಿ ಬರಲು ಒಂದು. ಹಾಗಾಗಿ ಜರ್ಮನಿಯಲ್ಲಿರುವ ವಿದ್ಯಾರ್ಥಿ ಬರ್ಲಿನ್, ಹ್ಯಾಂಬರ್ಗ್, ಮ್ಯೂನಿಕ್ ಎಂದು ಜರ್ಮನಿಯನ್ನೇ ಸುತ್ತಬೇಕೆಂದಿದ್ದರೆ ಇಂಟರ್‌ರೇಲ್ ಕೊಳ್ಳುವುದು ಹಣ ಕೊಟ್ಟು ಕೈಕಟ್ಟಿಕೊಂಡಂತೆ. ಅಪ್ಪ ಅವ್ವನ ಯುರೇಲಿಗೆ ಈ ಕಟ್ಟಳೆಯಿಲ್ಲ.

ಆ ವಿದ್ಯಾರ್ಥಿ ಮೊದಲು ತನ್ನ ಜೇಬಿನಲ್ಲೇ ಇರುವ ಪಾಸನ್ನು ನೋಡಿಕೊಳ್ಳಬೇಕು. ಜರ್ಮನಿಯ ಹಲವು ವಿಶ್ವವಿದ್ಯಾಲಯಗಳಲ್ಲಿ ಸೆಮಿಸ್ಟರ್ ಶುಲ್ಕದೊಳಗೇ ಪ್ರಯಾಣದ ಟಿಕೆಟ್ ಸೇರಿರುತ್ತದೆ. ಅಲ್ಲಿ 2023ರ ಮೇ ತಿಂಗಳಲ್ಲಿ ಡಾಯ್ಚ್‌ಲಾಂಡ್ ಟಿಕೆಟ್ ಎಂಬ ತಿಂಗಳ ಪಾಸು 49 ಯುರೋಗೆ ಬಂತು. 2025ರ ಜನವರಿಯಲ್ಲಿ ಅದು 58 ಆಯಿತು, 2026ರ ಜನವರಿಯಿಂದ 63. ಇಡೀ ಜರ್ಮನಿಯ ಪ್ಯಾಸೆಂಜರ್ ಗಾಡಿಗಳು, ಊರೊಳಗಿನ ಬಸ್ಸು, ಟ್ರಾಮು, ನೆಲದಡಿಯ ಮೆಟ್ರೋ ಎಲ್ಲಕ್ಕೂ ಇದು ನಡೆಯುತ್ತದೆ. ಐ.ಸಿ.ಇ.ಯಂಥ ವೇಗದ ಗಾಡಿಗೆ ಮಾತ್ರ ನಡೆಯುವುದಿಲ್ಲ. ನಮ್ಮ ಎಂ.ಎಸ್.ಟಿ.ಗೂ ಸೂಪರ್‌ಫಾಸ್ಟಿಗೂ ಇರುವ ಸಂಬಂಧವೇ ಇಲ್ಲೂ! ವಿಶ್ವವಿದ್ಯಾಲಯಗಳ ಮೂಲಕ ಕೊಡುವ ವಿದ್ಯಾರ್ಥಿ ಟಿಕೆಟ್ ಇದರ ಶೇಕಡಾ 60ರಷ್ಟು ಬೆಲೆಗೆ ಬರುತ್ತದೆ. ಇದು ಕೈಯಲ್ಲಿದ್ದರೆ ಜರ್ಮನಿಯೊಳಗೆ ಬೇರೆ ಪಾಸು ಏಕೆ ಬೇಕು? ಗಾಡಿ ನಿಧಾನ, ಎರಡು ಮೂರು ಕಡೆ ಬದಲಿಸಬೇಕು, ನಿಜ. ಓದುವ ಹುಡುಗನ ಹತ್ತಿರ ಹಣಕ್ಕಿಂತ ಹೊತ್ತು ಹೆಚ್ಚಿರುತ್ತದೆ.

ಆ ಹುಡುಗನ ಹಣದ ಲೆಕ್ಕವನ್ನು ಪಾಲಕರು ಬಲ್ಲರು. ಜರ್ಮನಿಯ ವಿದ್ಯಾರ್ಥಿ ವೀಸಾಕ್ಕಾಗಿ ಒಂದು ವರ್ಷದ ಖರ್ಚನ್ನು ಮೊದಲೇ ಖಾತೆಯಲ್ಲಿ ತೋರಿಸಬೇಕು. 2024ರ ಸೆಪ್ಟೆಂಬರಿನಿಂದ ಅದು 11,904 ಯುರೋ. ಅದರಿಂದ ತಿಂಗಳಿಗೆ ತೆಗೆಯಲು ಬಿಡುವುದು 992 ಯುರೋ. ಬಾಡಿಗೆ, ಊಟ, ಆರೋಗ್ಯ ವಿಮೆ ಎಲ್ಲ ಇದರಲ್ಲೇ. ಇಪ್ಪತ್ತೇಳು ವಯಸ್ಸಿನವರೆಗಿನವರಿಗೆ ಇಂಟರ್‌ರೇಲಿನಲ್ಲಿ ಸುಮಾರು ಕಾಲು ಭಾಗ ರಿಯಾಯಿತಿ ಇದೆ. ಆದರೂ ಅವರ ಅತಿ ಚಿಕ್ಕ ಗ್ಲೋಬಲ್ ಪಾಸಿಗೆ, ಅಂದರೆ ಒಂದು ತಿಂಗಳಲ್ಲಿ ಯಾವುದಾದರೂ ನಾಲ್ಕು ದಿನ ಪ್ರಯಾಣ ಮಾಡುವ ಪಾಸಿಗೆ, ಸಾಮಾನ್ಯ ದರದಲ್ಲಿ ಇನ್ನೂರು ಯುರೋಗಿಂತ ಹೆಚ್ಚು ಬೀಳುತ್ತದೆ. ತಿಂಗಳ ಖರ್ಚಿನ ಐದನೆಯ ಒಂದು ಪಾಲು. ‘ಗೆಳೆಯರೆಲ್ಲ ತಗೊಂಡ್ರು’ ಎಂಬ ಕಾರಣಕ್ಕೆ ಕೊಡುವ ಹಣವಲ್ಲ.

ಹಾಗಾದರೆ ಯಾವಾಗ ಕೊಳ್ಳಬೇಕು? ಇಲ್ಲಿಗೆ ನಮ್ಮ ಹಾಳೆಯ ಲೆಕ್ಕ ಬಂತು. ಪಾಸಿನ ಬೆಲೆಯನ್ನು ಅದರ ಪ್ರಯಾಣದ ದಿನಗಳಿಂದ ಭಾಗಿಸಿ. ಮೇಲಿನ ಪಾಸಿನಲ್ಲಿ ದಿನಕ್ಕೆ ಐವತ್ತು ಯುರೋ ಮೇಲೆ ಬರುತ್ತದೆ. ಅಪ್ಪ ಅವ್ವನ ವಯಸ್ಸಿನವರಿಗೆ ಸುಮಾರು ಎಪ್ಪತ್ತು. ದಿನ ಹೆಚ್ಚಾದಷ್ಟೂ ಈ ಅಂಕಿ ಇಳಿಯುತ್ತದೆ. ನಂತರ ನಿಮ್ಮ ದಾರಿಯ ಪ್ರತಿಯೊಂದು ದಿನದ ಎದುರು ಬಿಡಿ ಟಿಕೆಟ್ಟಿನ ಬೆಲೆ ಬರೆಯಿರಿ. ಯಾವ ದಿನದ ಟಿಕೆಟ್ ಐವತ್ತಕ್ಕಿಂತ ಕಡಿಮೆಯೋ ಆ ದಿನಕ್ಕೆ ಪಾಸು ಬೇಡ. ಅಲ್ಲಿಯ ರೈಲ್ವೆಗಳು ಎರಡು ಮೂರು ತಿಂಗಳು ಮೊದಲೇ ಕೊಂಡವರಿಗೆ ಬಹಳ ಅಗ್ಗದ ಟಿಕೆಟ್ ಕೊಡುತ್ತವೆ, ಕೊನೆಯ ದಿನ ಕೊಂಡರೆ ಅದೇ ಸೀಟಿಗೆ ಮೂರು ನಾಲ್ಕು ಪಟ್ಟೂ ಆಗಬಹುದು. ದಿನಾಂಕ ಗಟ್ಟಿಯಾಗಿದ್ದು ಎರಡೋ ಮೂರೋ ಊರು ಮಾತ್ರ ನೋಡುವವರಿಗೆ ಈ ಮುಂಗಡ ಟಿಕೆಟ್ಟೇ ಸರಿ. ಊರು ಹೆಚ್ಚು, ದೂರ ಹೆಚ್ಚು, ‘ಇವತ್ತು ಇಲ್ಲೇ ಇರೋಣ, ನಾಳೆ ಹೋಗೋಣ’ ಎನ್ನುವ ಸ್ವಾತಂತ್ರ್ಯವೂ ಬೇಕು ಎನ್ನುವವರಿಗೆ ಪಾಸು. ಪಾಸಿನಲ್ಲಿ ನಾವು ಕೊಳ್ಳುವುದು ಹೆಚ್ಚಾಗಿ ಈ ಸ್ವಾತಂತ್ರ್ಯವನ್ನು.

ಮಗನನ್ನು ನೋಡಲು ಹೋದ ಅಪ್ಪ ಅವ್ವ ಹನ್ನೆರಡು ದಿನ ಸುತ್ತುತ್ತಾರೆ ಎಂದುಕೊಳ್ಳೋಣ. ಫ್ರಾಂಕ್‌ಫರ್ಟಿನಿಂದ ಪ್ಯಾರಿಸ್, ಅಲ್ಲಿ ಮೂರು ದಿನ. ಪ್ಯಾರಿಸ್ಸಿನಿಂದ ಜ್ಯೂರಿಕ್ ಮೂಲಕ ಲೂಸರ್ನ್, ಅಲ್ಲಿ ಮೂರು ದಿನ. ಅಲ್ಲಿಂದ ಮಿಲಾನ್ ದಾಟಿ ವೆನಿಸ್, ಎರಡು ದಿನ. ವೆನಿಸ್‌ನಿಂದ ಮ್ಯೂನಿಕ್, ಕೊನೆಗೆ ಮ್ಯೂನಿಕ್‌ನಿಂದ ಫ್ರಾಂಕ್‌ಫರ್ಟ್. ಹನ್ನೆರಡು ದಿನದ ಪ್ರವಾಸವಾದರೂ ದೂರದ ರೈಲು ಹತ್ತುವುದು ಐದೇ ದಿನ. ಇಂಥವರು ‘ಹದಿನೈದು ದಿನದ ಪಾಸು’ ಕೇಳಿ ತೆಗೆದುಕೊಂಡರೆ ಹತ್ತು ದಿನದ ಹಣ ನೀರಿಗೆ. ಅವರಿಗೆ ಬೇಕಾದದ್ದು ‘ಒಂದು ತಿಂಗಳಲ್ಲಿ ಯಾವುದಾದರೂ ಐದು ದಿನ’ ಎಂಬ ಪಾಸು. ನಾಲ್ಕು, ಐದು, ಏಳು ದಿನದವು ಒಂದು ತಿಂಗಳಲ್ಲಿ, ಹತ್ತು, ಹದಿನೈದು ದಿನದವು ಎರಡು ತಿಂಗಳಲ್ಲಿ ಬಳಸುವಂಥವು. ಬಿಡುವಿಲ್ಲದೆ ಸಾಲಾಗಿ ನಡೆಯುವ ಹದಿನೈದು, ಇಪ್ಪತ್ತೆರಡು ದಿನದ ಪಾಸು ದಿನಬೆಳಗಾದರೆ ಚೀಲ ಹೊರುವ ತರುಣರಿಗೆ ಸರಿ. ಅವ್ವನ ಮೊಣಕಾಲಿಗೆ ಅಲ್ಲ.

ಒಂದು ‘ಪ್ರಯಾಣದ ದಿನ’ವೆಂದರೆ ನಡುರಾತ್ರಿಯಿಂದ ನಡುರಾತ್ರಿಯವರೆಗೆ. ಆ ದಿನ ಎಷ್ಟು ಗಾಡಿ ಹತ್ತಿದರೂ ಒಂದೇ ದಿನ ಖರ್ಚು. ಹತ್ತು ನಿಮಿಷದ ಗಾಡಿ ಹತ್ತಿದರೂ ಒಂದು ಇಡೀ ದಿನ ಖರ್ಚು. ಆದ್ದರಿಂದ ಲೂಸರ್ನಿನಿಂದ ಹತ್ತಿರದ ಹಳ್ಳಿಗೆ ಹೋಗಿ ಬರುವುದಕ್ಕೆ ಪಾಸಿನ ದಿನವನ್ನು ಸುಡಬಾರದು, ಬಿಡಿ ಟಿಕೆಟ್ ತೆಗೆದುಕೊಳ್ಳಬೇಕು. ರಾತ್ರಿ ಹೊರಟು ಬೆಳಿಗ್ಗೆ ಮುಟ್ಟುವ ಗಾಡಿಗೆ ಹೊರಡುವ ದಿನ ಮಾತ್ರ ಲೆಕ್ಕ, ನಡುವೆ ಗಾಡಿ ಬದಲಿಸಬಾರದು ಅಷ್ಟೇ. ಒಂದು ರಾತ್ರಿಯ ಹೋಟೆಲ್ ಬಾಡಿಗೆಯೂ ಉಳಿಯುತ್ತದೆ. ಮಲಗುವ ಬರ್ತಿಗೆ ಬೇರೆ ಹಣ ಕೊಡಬೇಕು.

ಈ ‘ಬೇರೆ ಹಣ’ವೇ ಯುರೋಪಿನ ಪಾಸಿನ ದೊಡ್ಡ ಗುಟ್ಟು. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡಿನೊಳಗೆ ಹೆಚ್ಚಿನ ಗಾಡಿಗಳಲ್ಲಿ ಪಾಸು ತೋರಿಸಿ ಖಾಲಿ ಸೀಟಿನಲ್ಲಿ ಕುಳಿತರಾಯಿತು. ಆದರೆ ಫ್ರಾನ್ಸಿನ ಟಿ.ಜಿ.ವಿ., ಲಂಡನ್ನಿಗೆ ಹೋಗುವ ಯುರೋಸ್ಟಾರ್, ಸ್ಪೇನಿನ ಎ.ವಿ.ಇ., ಇಟಲಿಯ ಫ್ರೆಚ್ಚಾರೋಸ್ಸಾ ಇವುಗಳಿಗೆ ಪಾಸಿದ್ದರೂ ಸೀಟು ಕಾಯ್ದಿರಿಸಲೇಬೇಕು, ಅದಕ್ಕೆ ತಲೆಗೆ ಇಷ್ಟು ಎಂದು ಕೊಡಲೇಬೇಕು. ಪಾಸಿನವರಿಗೆಂದು ಇಡುವ ಸೀಟುಗಳೂ ಕೆಲವೇ. ಮೇಲಿನ ದಾರಿಯಲ್ಲಿ ಫ್ರಾಂಕ್‌ಫರ್ಟ್-ಪ್ಯಾರಿಸ್, ಪ್ಯಾರಿಸ್-ಜ್ಯೂರಿಕ್, ಸ್ವಿಟ್ಜರ್ಲೆಂಡಿನಿಂದ ಮಿಲಾನ್ ಈ ಮೂರಕ್ಕೂ ಕಾಯ್ದಿರಿಸಬೇಕು. ಮೂವರ ಮನೆಗೆ ಮೂರು ಸಲ ಕಾಯ್ದಿರಿಸುವ ಹಣವನ್ನು ಹಾಳೆಯಲ್ಲಿ ಪಾಸಿನ ಪಕ್ಕದಲ್ಲೇ ಬರೆಯಿರಿ. ಅದನ್ನು ಬರೆಯದೆ ಬರಿ ಪಾಸಿನ ಬೆಲೆಯನ್ನು ಹಿಡಿದು ಲಾಭ ನಷ್ಟ ಹೇಳುವ ಏಜೆಂಟರ ಮಾತು ಕೇಳಬೇಡಿ.

ವಯಸ್ಸನ್ನೂ ಬರೆಯಿರಿ. ಮಗನಿಗೆ ತರುಣರ ದರ, ಅಪ್ಪ ಅವ್ವನಿಗೆ ಪೂರ್ಣ ದರ, ಜೊತೆಯಲ್ಲಿ ಅರವತ್ತು ದಾಟಿದ ಅಜ್ಜನಿದ್ದರೆ ಹತ್ತನೆಯ ಒಂದು ಭಾಗ ಕಡಿಮೆ. ನಾಲ್ಕರಿಂದ ಹನ್ನೊಂದು ವಯಸ್ಸಿನ ಮಕ್ಕಳಿಗೆ ದೊಡ್ಡವರ ಜೊತೆ ಪಾಸು ಉಚಿತ, ಒಬ್ಬ ದೊಡ್ಡವರಿಗೆ ಇಬ್ಬರು ಮಕ್ಕಳವರೆಗೆ. ಉಚಿತವಾದರೂ ಅವರ ಹೆಸರಿನಲ್ಲೂ ಪಾಸು ಮಾಡಿಸಿರಬೇಕು.

ಬರಿಯ ಸ್ವಿಟ್ಜರ್ಲೆಂಡ್ ನೋಡಲು ಹೋಗುವವರಿಗೆ ಯುರೇಲ್ ಸರಿಯಲ್ಲ. ಸಿನೆಮಾ ನೋಡಿ ನೋಡಿ ನಮ್ಮವರಿಗೆ ಆ ದೇಶದ ಮೇಲೆ ಮೊದಲಿನಿಂದಲೂ ಮೋಹ. ಅಲ್ಲಿಯದೇ ಸ್ವಿಸ್ ಟ್ರಾವೆಲ್ ಪಾಸು ಮೂರು, ನಾಲ್ಕು, ಆರು, ಎಂಟು, ಹದಿನೈದು ದಿನಕ್ಕೆ ಸಿಗುತ್ತದೆ. ರೈಲಷ್ಟೇ ಅಲ್ಲ, ಬಸ್ಸು, ಊರೊಳಗಿನ ಟ್ರಾಮು, ಸರೋವರದ ದೋಣಿ, ಸುಮಾರು 500 ವಸ್ತುಸಂಗ್ರಹಾಲಯಗಳ ಪ್ರವೇಶ ಅದರಲ್ಲೇ ಬರುತ್ತದೆ. ರಿಗಿ ಬೆಟ್ಟದ ರೈಲೂ ಸೇರಿದೆ. ಎಲ್ಲರೂ ಫೋಟೋ ಹಾಕುವ ಯುಂಗ್‌ಫ್ರಾವ್ ಮಾತ್ರ ಸೇರಿಲ್ಲ, ಅಲ್ಲಿ ರಿಯಾಯಿತಿಯಷ್ಟೇ. ಹದಿನೈದು ವಯಸ್ಸಿನವರೆಗಿನ ಮಕ್ಕಳು ತಂದೆ ತಾಯಿಯ ಜೊತೆ ಫ್ಯಾಮಿಲಿ ಕಾರ್ಡಿನ ಮೇಲೆ ಪುಕ್ಕಟೆ. ಒಂದೇ ಊರಿನಲ್ಲಿ ಉಳಿದು ಎರಡು ಬೆಟ್ಟ ಹತ್ತಿಳಿಯುವವರಿಗೆ ಇದಕ್ಕಿಂತ ಅರ್ಧ ದರದ ಕಾರ್ಡು ಅಗ್ಗವಾದೀತು. ಅಂದಹಾಗೆ, ಆ ದೇಶದಲ್ಲಿ ಹೋಟೆಲಿನ ಊಟ ರೈಲಿಗಿಂತ ದುಬಾರಿ. ಕಟ್ಟಿಕೊಂಡು ಹೋದ ಕಟಕ ರೊಟ್ಟಿ, ಶೇಂಗಾ ಚಟ್ನಿಯನ್ನು ರೈಲಿನಲ್ಲಿ ಬಿಚ್ಚಿ ತಿಂದರೆ ಯಾರೂ ಏನೂ ಅನ್ನುವುದಿಲ್ಲ.

ಮಗನ ಊರಿನಲ್ಲೇ ಒಂದು ತಿಂಗಳು ಉಳಿದು ಸುತ್ತಮುತ್ತ ನೋಡುವ ಪಾಲಕರಿಗೆ ಡಾಯ್ಚ್‌ಲಾಂಡ್ ಟಿಕೆಟ್ಟೇ ಸಾಕು. ಅದನ್ನು ಯಾರು ಬೇಕಾದರೂ ಕೊಳ್ಳಬಹುದು. ಒಂದು ಎಚ್ಚರಿಕೆ ಬೇಕು. ಅದು ತಿಂಗಳು ಮುಗಿದರೆ ತಾನೇ ನಿಲ್ಲುವ ಪಾಸಲ್ಲ, ಚಂದಾ. ಆ ತಿಂಗಳ 10ನೆಯ ತಾರೀಖಿನೊಳಗೆ ಬೇಡವೆಂದು ತಿಳಿಸದಿದ್ದರೆ ಮುಂದಿನ ತಿಂಗಳ ಹಣವನ್ನೂ ಎಳೆದುಕೊಳ್ಳುತ್ತದೆ. ನೀವು ತೊಗರಿ ಬಿತ್ತಲು ಹೊಲಕ್ಕೆ ಹೋಗಿರುತ್ತೀರಿ, ಅಲ್ಲಿ 63 ಯುರೋ ಹೋಗಿರುತ್ತದೆ. ಟಿಕೆಟ್ಟು ಕ್ಯಾಲೆಂಡರಿನ ತಿಂಗಳಿಗೆ ನಡೆಯುವುದರಿಂದ ಇಪ್ಪತ್ತನೆಯ ತಾರೀಖು ಇಳಿದವರಿಗೆ ಎರಡು ತಿಂಗಳು ಬೇಕಾಗುತ್ತದೆ. ಟಿಕೆಟ್ ಒಂದನೆಯ ತಾರೀಖಿನ ಹತ್ತಿರ ಇಳಿಯುವಂತೆ ವಿಮಾನ ನೋಡುವುದು ಜಾಣತನ. ಹೋಗುವ ಕಾಲವನ್ನೂ ಮಗನ ಜೊತೆ ಕುಳಿತು ಗೊತ್ತುಮಾಡಬೇಕು. ನಮಗೆ ಬಿಡುವಾಗುವುದು ರಾಶಿ ಮುಗಿದ ಮೇಲೆ, ಬಿತ್ತನೆಗೆ ಮೊದಲು. ಅಲ್ಲಿ ಪಾಠಗಳಿಗೆ ಬಿಡುವು ಸುಮಾರು ಫೆಬ್ರವರಿ ನಡುವಿನಿಂದ ಏಪ್ರಿಲ್ ಮೊದಲವರೆಗೆ, ಮತ್ತೆ ಜುಲೈ ಕೊನೆಯಿಂದ ಅಕ್ಟೋಬರ್ ಮೊದಲವರೆಗೆ. ಎರಡೂ ಕೂಡುವುದು ಮಾರ್ಚಿಯಲ್ಲಿ. ಚಳಿ ಇರುತ್ತದೆ, ಉಣ್ಣೆಯ ಬಟ್ಟೆ ಹೊರಬೇಕು.

ಪಾಸಿಗಿಂತ ಮೊದಲು ನೋಡಬೇಕಾದದ್ದು ವೀಸಾ. ಪಾಸು 33 ದೇಶಕ್ಕೆ ನಡೆಯುತ್ತದೆ ಎಂದ ಮಾತ್ರಕ್ಕೆ ಭಾರತದ ಪಾಸ್‌ಪೋರ್ಟಿನವರು 33 ದೇಶಕ್ಕೂ ಹೋಗುವಂತಿಲ್ಲ. ಷೆಂಗೆನ್ ವೀಸಾ 29 ದೇಶಗಳಿಗೆ. ಬಲ್ಗೇರಿಯಾ, ರುಮೇನಿಯಾ ಪೂರ್ತಿಯಾಗಿ ಸೇರಿದ್ದು 2025ರ ಜನವರಿಯಲ್ಲಿ. ಬ್ರಿಟನ್ ಅದರಲ್ಲಿಲ್ಲ. ಲಂಡನ್ ನೋಡಬೇಕೆಂದರೆ ಪಾಸಿನಲ್ಲಿ ಬ್ರಿಟನ್ ಇದ್ದರೂ ಬೇರೆ ವೀಸಾ ಮಾಡಿಸಿ, ಬೇರೆ ಶುಲ್ಕ ಕಟ್ಟಿ, ಮೇಲೆ ಯುರೋಸ್ಟಾರಿನ ಸೀಟಿಗೂ ಹಣ ಕೊಡಬೇಕು. ಸರ್ಬಿಯಾ, ಬೋಸ್ನಿಯಾ, ತುರ್ಕಿಗಳೂ ಷೆಂಗೆನ್ ಹೊರಗಿನವು. ಜರ್ಮನಿಯಲ್ಲಿ ಓದುವ ಹುಡುಗ ತನ್ನ ವಾಸದ ಪರವಾನಗಿಯ ಮೇಲೆ ಉಳಿದ ಷೆಂಗೆನ್ ದೇಶಗಳಲ್ಲಿ ಯಾವುದೇ 180 ದಿನಗಳಲ್ಲಿ 90 ದಿನ ತಿರುಗಬಹುದು. ಪರವಾನಗಿಯ ಕಾರ್ಡು ಮತ್ತು ಪಾಸ್‌ಪೋರ್ಟ್ ಎರಡೂ ಚೀಲದಲ್ಲಿರಲಿ.

ಈಗ ಪಾಸು ಕಾಗದವಾಗಿ ಅಲ್ಲ, ಹೆಚ್ಚಾಗಿ ಫೋನಿನಲ್ಲೇ ಬರುತ್ತದೆ. ಕೊಂಡ ಮೇಲೆ ಹನ್ನೊಂದು ತಿಂಗಳೊಳಗೆ ಅದನ್ನು ಚಾಲೂ ಮಾಡಿಕೊಳ್ಳಬೇಕು. ಅಲ್ಲಿಯ ಎಷ್ಟೋ ನಿಲ್ದಾಣಗಳಲ್ಲಿ ಗೇಟಿಲ್ಲ, ಕೇಳುವವರಿಲ್ಲ, ನೇರ ಹೋಗಿ ಗಾಡಿಯಲ್ಲಿ ಕುಳಿತುಬಿಡಬಹುದು. ಇದನ್ನು ನೋಡಿ ಮೋಸಹೋಗಬಾರದು. ಗಾಡಿ ಬಿಟ್ಟ ಮೇಲೆ ಟಿಕೆಟ್ ನೋಡುವವರು ಬಂದೇ ಬರುತ್ತಾರೆ. ಹತ್ತುವ ಮೊದಲೇ ಆ ದಿನವನ್ನೂ ಆ ಗಾಡಿಯನ್ನೂ ಪಾಸಿನಲ್ಲಿ ದಾಖಲು ಮಾಡಿರಬೇಕು. ಮಾಡದಿದ್ದರೆ ಹಣ ಕೊಟ್ಟು ಕೊಂಡ ಪಾಸು ಕೈಯಲ್ಲಿದ್ದೂ ಟಿಕೆಟ್ ಇಲ್ಲದವರ ದಂಡ. ಫೋನಿನ ಚಾರ್ಜು ಮುಗಿದಿತ್ತು ಎಂಬ ಕಾರಣವನ್ನು ಅವರು ಒಪ್ಪುವುದಿಲ್ಲ.

ವೀಸಾ ಕೈಗೆ ಬಂದ ಮೇಲೆಯೇ ಪಾಸಿನ ಹಣ ಕಟ್ಟಿ. ಚಾಲೂ ಮಾಡದ ಪಾಸನ್ನು ಸಾಮಾನ್ಯವಾಗಿ ಸ್ವಲ್ಪ ಹಣ ಮುರಿದುಕೊಂಡು ವಾಪಸು ತೆಗೆದುಕೊಳ್ಳುತ್ತಾರೆ. ರಿಯಾಯಿತಿ ಮಾರಾಟದಲ್ಲಿ ಕೊಂಡದ್ದಕ್ಕೆ ಹಣ ಹಿಂದಕ್ಕೆ ಬರುತ್ತದೆಯೇ ಎಂಬುದನ್ನು ಕೊಳ್ಳುವಾಗಲೇ ಓದಿ ನೋಡಬೇಕು. ಪಾಸು ಬಂದ ದಿನವೇ ಟಿ.ಜಿ.ವಿ. ಸೀಟುಗಳನ್ನು ಕಾಯ್ದಿರಿಸಿ. ಪಾಸಿನವರ ಸೀಟು ಮುಗಿದುಹೋಗಿದ್ದರೆ ಪ್ಯಾರಿಸ್ಸಿನ ದಾರಿಯನ್ನೇ ಬದಲಿಸಬೇಕಾದೀತು, ಆಗ ಹಾಳೆಯ ಲೆಕ್ಕವನ್ನು ಇನ್ನೊಮ್ಮೆ ಹಾಕಬೇಕಾಗುತ್ತದೆ.